1996ರ ಮನೆ ಮಾರಾಟಕ್ಕಿಡುವ ಮುನ್ನ: ಯಾವ ರಿಪೇರಿಗೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು?

ಕೆಂಪುದಾಸವಾಳ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರು ಕುವೆಂಪುನಗರದಲ್ಲಿ 30×40 ಸೈಟಿನ ಮನೆ. 1996ರಲ್ಲಿ ಕಟ್ಟಿದ್ದು. ಕೆಳಗೆ ಎರಡು ರೂಮು, ಹಾಲ್, ಅಡುಗೆಮನೆ. ಮೇಲೆ ಒಂದು ರೂಮು, ಒಂದು ಬಾತ್‌ರೂಮು, ಉಳಿದದ್ದು ತಾರಸಿ. ಎಂಟು ತಿಂಗಳಿಂದ ಬೀಗ ಹಾಕಿದೆ. ಯುಗಾದಿ ಹೊತ್ತಿಗೆ ಮಾರಾಟಕ್ಕಿಡಬೇಕು ಅಂತಿದ್ದೇವೆ, ಅಂದರೆ ಕೈಯಲ್ಲಿ ಸುಮಾರು ಮೂರು ತಿಂಗಳು. ರಿಪೇರಿಗೆ ನಾಲ್ಕು ಲಕ್ಷದವರೆಗೆ ಹಾಕಬಹುದು.

ಈಗಿನ ಸ್ಥಿತಿ:

ಹಾಲಿನ ಒಂದು ಗೋಡೆ ಮೇಲಿನಿಂದ ಕೆಳಕ್ಕೆ ತೇವ. ಅದರ ಮೇಲ್ಗಡೆಯೇ ಬಾತ್‌ರೂಮು. ಮಲಗುವ ಕೋಣೆಯಲ್ಲಿ ನೆಲದಿಂದ ಎರಡೂವರೆ ಅಡಿವರೆಗೆ ಬಣ್ಣ ಉಬ್ಬಿದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತೆ. ಮೇಲಿನ ರೂಮಿನ ಸೀಲಿಂಗಿನಲ್ಲಿ ಗೋಡೆ ಸೇರುವ ಅಂಚಿನುದ್ದಕ್ಕೂ ಕಂದು ಕಲೆ. ಒಂದು ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಮನೆ ತುಂಬಾ ಮೊಸಾಯಿಕ್ ನೆಲ, ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ. ವೈರಿಂಗ್ ಹಳೆಯದೇ, ಮೇನ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು.

ಒಬ್ಬ ಗುತ್ತಿಗೆದಾರರು ಪೂರ್ತಿ ಪುಟ್ಟಿ ಹೊಡೆದು ಬಣ್ಣ, ಹಾಲಿಗೆ ಫಾಲ್ಸ್ ಸೀಲಿಂಗ್, ಮೊಸಾಯಿಕ್ ಮೇಲೇ ವಿಟ್ರಿಫೈಡ್ ಟೈಲ್ಸ್, ಮಾಡ್ಯುಲರ್ ಅಡುಗೆಮನೆ ಎಲ್ಲ ಸೇರಿಸಿ ಲೆಕ್ಕ ಕೊಟ್ಟಿದ್ದಾರೆ. ತೇವದ ಮಾತೇ ಇಲ್ಲ, "ಡ್ಯಾಂಪ್‌ಪ್ರೂಫ್ ಹೊಡೆದರೆ ಸರಿಹೋಗುತ್ತೆ" ಅಂದರು. ಯಾವುದು ಮೊದಲು? ಯಾವುದು ದುಡ್ಡು ವಾಪಸ್ ತರುತ್ತೆ?

ಮನೆ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲಿದೆ. ಅಮ್ಮ, ನಾನು, ಅಮೆರಿಕದಲ್ಲಿರುವ ತಮ್ಮ ಮೂವರು ವಾರಸುದಾರರು.

---

ಗಾರೆ_ಕರಣೆ:

ಮೇಡಂ, ಆ ಲೆಕ್ಕದ ಚೀಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಒಂದು ಡಬ್ಬ ಬಣ್ಣವನ್ನೂ ತರಿಸಬೇಡಿ. ತೇವದ ಗೋಡೆಗೆ ಒಳಗಿನಿಂದ ಡ್ಯಾಂಪ್‌ಪ್ರೂಫ್ ಹೊಡೆದರೆ ನೀರು ನಿಲ್ಲಲ್ಲ, ದಾರಿ ಬದಲಿಸುತ್ತೆ ಅಷ್ಟೆ. ನೀವು ಬಣ್ಣ ಹೊಡೆಸಿದ ಆರೆಂಟು ವಾರಕ್ಕೆ, ಕೊಳ್ಳುವವರು ಮನೆ ನೋಡಲು ಬರುವ ಹೊತ್ತಿಗೆ ಸರಿಯಾಗಿ, ಪಕ್ಕದಲ್ಲೋ ಮೇಲೆಯೋ ಉಬ್ಬಿರುತ್ತೆ. ಹಳೇ ತೇವದ ಕಲೆ ನೋಡಿದ ಗಿರಾಕಿ ಚೌಕಾಸಿ ಮಾಡುತ್ತಾನೆ. ಹೊಸ ಬಣ್ಣದ ಅಡಿಯಲ್ಲಿ ತೇವ ಕಂಡವನು ಎದ್ದು ಹೋಗುತ್ತಾನೆ, ಇನ್ನೇನೇನು ಮುಚ್ಚಿಟ್ಟಿದ್ದಾರೋ ಅಂತ.

ನೀವು ಹೇಳಿದ ಮೂರು ತೇವಕ್ಕೆ ಮೂರು ಬೇರೆ ಬೇರೆ ಕಾರಣ.

ಮೇಲಿನ ರೂಮಿನ ಅಂಚಿನ ಕಂದು ಕಲೆ. ಇದು ಹೆಚ್ಚೂಕಮ್ಮಿ ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರುವ ಮೂಲೆ. ಸ್ಲ್ಯಾಬು ಬಿಸಿಲಿಗೆ ಹಿಗ್ಗಿ ಕುಗ್ಗುತ್ತೆ, ಅದರ ಮೇಲೆ ಕೂತ ಇಟ್ಟಿಗೆ ಗೋಡೆ ಅಷ್ಟು ಅಲುಗಾಡಲ್ಲ, ಹಾಗಾಗಿ ಎರಡರ ಮಧ್ಯೆ ಕೂದಲೆಳೆ ಬಿರುಕು ಬೀಳುತ್ತೆ. ಈಗ ಮಳೆ ಇಲ್ಲದ ಕಾಲ, ಆದ್ದರಿಂದ ನೀರು ನಿಲ್ಲಿಸಿಯೇ ಪರೀಕ್ಷೆ ಮಾಡಬೇಕು. ನೀರು ಹೋಗುವ ತೂತುಗಳನ್ನು ಬಟ್ಟೆ ಸುತ್ತಿದ ಮರದ ಬಿರಡೆಯಿಂದ ಮುಚ್ಚಿ, ಒಂದೂವರೆ-ಎರಡು ಇಂಚು ನೀರು 48 ಗಂಟೆ ನಿಲ್ಲಲಿ. 800 ಚದರಡಿ ತಾರಸಿಗೆ ಎರಡು ಇಂಚು ಅಂದರೆ ಸುಮಾರು 3,800 ಲೀಟರ್. ಅಷ್ಟು ನೀರು ಒಟ್ಟಿಗೆ ಸಿಗದಿದ್ದರೆ ಮರಳಿನ ಕಟ್ಟೆ ಕಟ್ಟಿಕೊಂಡು ಅರ್ಧರ್ಧ ಮಾಡಿ. ಕೆಳಗೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ, ಹೊತ್ತು ಬರೆಯಿರಿ. ಗೆರೆ ದಾಟಿದರೆ ದಾರಿ ಅದೇ.

ರಿಪೇರಿ ಹೀಗೆ. ಮೂಲೆಯುದ್ದಕ್ಕೂ ಸಡಿಲ ಗಾರೆ ಕೆತ್ತಿ, ತಂತಿ ಬ್ರಷ್‌ನಿಂದ ಉಜ್ಜಿ, ನೀರು ಹಾಕಿ ತೊಳೆಯಿರಿ. ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ ರಬ್ಬರಿನಂಥ ದ್ರವ) ಬೆರೆಸಿದ 1:3 (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಗಾರೆಯಲ್ಲಿ ಮೂಲೆಗೆ ಎರಡರಿಂದ ಮೂರು ಇಂಚು ದುಂಡು ಹೊಡೆಸಿ. ಮೂಲೆ ಚೂಪಾಗಿದ್ದರೆ ಮೇಲೆ ಹಾಕುವ ಲೇಪ ಅಲ್ಲಿಯೇ ಹರಿಯೋದು. ಗಾರೆಗೆ ಏಳು ದಿನ ನೀರುಣಿಸಿ, ಆಮೇಲೆ ಚೆನ್ನಾಗಿ ಒಣಗಲು ಬಿಡಿ. ನಂತರ ಪ್ರೈಮರ್, ಅದರ ಮೇಲೆ ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಲೇಪ ಎರಡು ಕೋಟ್. ಮೊದಲ ಕೋಟ್ ಹಸಿಯಿರುವಾಗಲೇ ಮೂಲೆಗಳಲ್ಲಿ ಫೈಬರ್ ಜಾಲರಿ ಕೂರಿಸಬೇಕು. ಲೇಪ ಪ್ಯಾರಾಪೆಟ್ ಮೇಲೆ ಕನಿಷ್ಠ ಒಂದು ಅಡಿ ಏರಿರಲಿ. ಮೇಲ್ಮೈ ಎಷ್ಟು ಒರಟು ಅನ್ನುವುದರ ಮೇಲೆ ಲೀಟರಿಗೆ ಎರಡೂ ಕೋಟ್ ಸೇರಿ 15ರಿಂದ 20 ಚದರಡಿ ಹಿಡಿಯುತ್ತೆ. ನಿಮಗೆ ಪ್ಯಾರಾಪೆಟ್ ಸೇರಿ 20 ಲೀಟರಿನ ಮೂರು ಬಕೆಟ್ ಬೇಕು. ಒಂದೇ ಬಕೆಟ್‌ನಲ್ಲಿ ಇಡೀ ತಾರಸಿ ಮುಗಿಸಿದೆ ಅಂದರೆ ನೀರು ಬೆರೆಸಿ ಸುಣ್ಣದ ಹಾಗೆ ಬಳಿದಿದ್ದಾರೆ ಅಂತಲೇ ಅರ್ಥ.

ಲೇಪಕ್ಕೆ ಮುಂಚೆ ವಾಟ ನೋಡಿ. ತಾರಸಿ ಮೇಲೆ ನೀರು ಚೆಲ್ಲಿ ಅರ್ಧ ಗಂಟೆ ಬಿಟ್ಟು ಬಂದಾಗ ಎಲ್ಲಾದರೂ ಮಡು ನಿಂತಿದ್ದರೆ ಅಲ್ಲಿ ಗಾರೆ ಕೊಟ್ಟು ಸರಿಮಾಡಬೇಕು. ನೂರು ಅಡಿಗೆ ಒಂದು ಅಡಿ ಇಳಿಜಾರಾದರೂ ಇರಲಿ. ನಿಂತ ನೀರು ಯಾವ ಲೇಪವನ್ನೂ ತಿಂದುಹಾಕುತ್ತೆ.

ಹಾಲಿನ ಗೋಡೆ. ಬಾತ್‌ರೂಮಿನ ನೀರು ಮೂರು ಕಡೆಯಿಂದ ಬರಬಹುದು: ನೀರು ತರುವ ಪೈಪು, ಹೊರಹೋಗುವ ಪೈಪು, ಅಥವಾ ಟೈಲ್ಸ್ ಸಂದು. ಯಾವುದು ಅಂತ ಒಡೆಯದೆಯೇ ಗೊತ್ತುಮಾಡಬಹುದು. ಎಂಟು ತಿಂಗಳಿಂದ ಯಾರೂ ಸ್ನಾನ ಮಾಡದೆ ಇದ್ದರೂ ಗೋಡೆ ಹಸಿ ಇದೆಯಾ? ಹಾಗಿದ್ದರೆ ಸದಾ ನೀರು ತುಂಬಿರುವ ಪೈಪೇ ಕಳ್ಳ. 1996ರ ಮನೆ ಅಂದರೆ ಗೋಡೆಯೊಳಗೆ ಜಿಐ (ಸತು ಲೇಪದ ಕಬ್ಬಿಣದ) ಪೈಪು, ತುಕ್ಕು ಹಿಡಿದು ತಿರುಪಿನ ಜಾಯಿಂಟಲ್ಲಿ ಜಿನುಗುತ್ತಿರುತ್ತೆ. ಮೇಲಿನ ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ ಹತ್ತು ದಿನ ಬಿಟ್ಟು ನೋಡಿ, ಗೋಡೆ ತಿಳಿಯಾದರೆ ಖಚಿತ. ಆಗ ಹಳೇ ಪೈಪನ್ನು ಹುಡುಕಿ ತೇಪೆ ಹಾಕಲು ಹೋಗಬೇಡಿ, ಒಂದು ಜಾಯಿಂಟ್ ಬಿಗಿ ಮಾಡಿದರೆ ಮುಂದಿನದು ಬಿಡುತ್ತೆ. ಎರಡೂ ತುದಿಗೆ ಕ್ಯಾಪ್ ಹಾಕಿ ಗೋಡೆಯಲ್ಲೇ ಬಿಟ್ಟು, ಮುಕ್ಕಾಲು ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪು ಹೊಸದಾಗಿ ಎಳೆಸಿ.

ವಾಲ್ವ್ ಮುಚ್ಚಿದರೂ ತೇವ ಹಾಗೇ ಇದ್ದರೆ ನಹಾನಿ ಟ್ರ್ಯಾಪಿಗೆ (ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲು) ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು 24 ಗಂಟೆ ನಿಲ್ಲಿಸಿ. ಕೆಳಗೆ ತೇವ ಹೆಚ್ಚಾದರೆ ಟೈಲ್ಸ್ ಸಂದು, ಆಗದಿದ್ದರೆ ಟ್ರ್ಯಾಪಿನ ಕುತ್ತಿಗೆ ಅಥವಾ ಹೊರಹೋಗುವ ಪೈಪು. ಸಂದಿನದಾದರೆ ಹಳೇ ಸಿಮೆಂಟನ್ನು ಎರಡು-ಮೂರು ಮಿಲಿಮೀಟರ್ ಆಳಕ್ಕೆ ಕೆರೆದು, ಪೂರ್ತಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿಸಿದರೆ ಸಾಕು. ಟ್ರ್ಯಾಪಿನದಾದರೆ ಅದರ ಸುತ್ತ ಒಂದೂವರೆ ಅಡಿ ಚೌಕ ಒಡೆಯಲೇಬೇಕು.

ಮಲಗುವ ಕೋಣೆಯ ಎರಡೂವರೆ ಅಡಿ. ಇದು ಪಾಯದಿಂದ ಏರುವ ತೇವ. ಬಿಳಿ ಪುಡಿ ಅಂದರೆ ಮಣ್ಣಿನ, ಇಟ್ಟಿಗೆಯ ಉಪ್ಪು. ಹೊರಗೆ ಹೋಗಿ ಆ ಗೋಡೆಯ ಬುಡ ನೋಡಿ. ಕೈತೋಟದ ಮಣ್ಣು ಗೋಡೆಗೆ ಒತ್ತಿಕೊಂಡು ಒಳಗಿನ ನೆಲಮಟ್ಟಕ್ಕಿಂತ ಮೇಲೆ ಇದೆಯಾ?

---

ಕೆಂಪುದಾಸವಾಳ:

ಹೌದು ಸರ್, ಆ ಕಡೆ ದಾಸವಾಳ, ಕರಿಬೇವಿನ ಪಾತಿ ಇದೆ. ಮಣ್ಣು ಗೋಡೆಗೆ ಒಂದಡಿ ಎತ್ತರ ತಾಗಿಕೊಂಡೇ ಇದೆ. ಹಾಲಿನ ಗೋಡೆ ಮನೆಗೆ ಬೀಗ ಹಾಕಿದ ಮೇಲೂ ಹಸಿಯಾಗೇ ಇದೆ, ಟ್ಯಾಂಕ್ ಖಾಲಿ ಮಾಡಿಲ್ಲ. ಕಿಟಕಿ ಬಿರುಕಿನ ಬಗ್ಗೆಯೂ ಹೇಳಿ.

---

ಗಾರೆ_ಕರಣೆ:

ಹಾಗಾದರೆ ಎರಡಕ್ಕೂ ಕಾರಣ ಸಿಕ್ಕ ಹಾಗೆ. ಪಾತಿಯ ಮಣ್ಣನ್ನು ಗೋಡೆಯಿಂದ ಎರಡಡಿ ದೂರಕ್ಕೆ ತೆಗೆಸಿ, ಒಳನೆಲಕ್ಕಿಂತ ಆರು ಇಂಚು ಕೆಳಗಿರಲಿ. ಆ ಜಾಗಕ್ಕೆ ಮೂರು ಇಂಚು ಕಾಂಕ್ರೀಟು ಹಾಕಿಸಿ, ಗೋಡೆಯಿಂದ ಹೊರಮುಖವಾಗಿ ವಾಟ ಕೊಡಿ. ಕರಿಬೇವನ್ನು ಕಾಂಪೌಂಡ್ ಕಡೆಗೆ ಸರಿಸಬಹುದು. ಒಳಗೆ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕಿತ್ತು ಇಟ್ಟಿಗೆ ಬರಿದಾಗಿ ಮೂರು-ನಾಲ್ಕು ವಾರ ಗಾಳಿಯಾಡಲಿ. ಮೇಲೆ ಬರುವ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಆಮೇಲೆ ವಾಟರ್‌ಪ್ರೂಫ್ ಪುಡಿ ಬೆರೆಸಿದ 1:4 ಗಾರೆ. ಅಲ್ಲಿಗೆ ಪಿಒಪಿ, ಜಿಪ್ಸಮ್ ತಾಗಿಸಲೇಬೇಡಿ, ಅವು ತೇವ ಹೀರುತ್ತವೆ. ಈ ಕೆಲಸವನ್ನು ಮೊದಲ ವಾರವೇ ಶುರುಮಾಡಿ, ಒಣಗೋಕೆ ಹಿಡಿಯುವ ಕಾಲವನ್ನು ದುಡ್ಡು ಕೊಟ್ಟು ಕಮ್ಮಿ ಮಾಡೋಕಾಗಲ್ಲ.

ಬಿರುಕು: ಎಟಿಎಂ ಕಾರ್ಡಿನ ಅಂಚು ಒಳಗೆ ಹೋಗುತ್ತಾ ನೋಡಿ. ಕಾರ್ಡು ಮುಕ್ಕಾಲು ಮಿಲಿಮೀಟರ್ ದಪ್ಪ. ಹೋಗದಿದ್ದರೆ ಗಾರೆಯ ಬಿರುಕು, ಐದು ಮಿಲಿಮೀಟರ್ ಅಗಲ-ಆಳಕ್ಕೆ ವಿ ಆಕಾರದಲ್ಲಿ ಕೆರೆದು ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿದರೆ ಆಯಿತು. ಹೋದರೆ, ಅದರಲ್ಲೂ ಗೋಡೆಯ ಎರಡೂ ಬದಿಗೆ ಕಾಣುತ್ತಿದ್ದರೆ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಚೂರನ್ನು ಗಾರೆಯಲ್ಲಿ ಅಂಟಿಸಿ. ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ ಅವರ ವರದಿ ಇಟ್ಟುಕೊಳ್ಳಿ. ಒಡೆಯದಿದ್ದರೆ ಹಳೇ ಬಿರುಕು, ಎರಡೂ ಬದಿಗೆ ನಾಲ್ಕು-ನಾಲ್ಕು ಇಂಚು ಗಾರೆ ಕಿತ್ತು ಕೋಳಿ ಜಾಲರಿ ಬಡಿದು ಮತ್ತೆ ಗಾರೆ ಮಾಡಿಸಿ.

ಇನ್ನೊಂದನ್ನು ನೀವು ಕೇಳಲಿಲ್ಲ, ಆದರೆ ನೋಡಲೇಬೇಕು. ಸಜ್ಜಗಳ ಅಡಿಭಾಗ ಮತ್ತು ಬಾತ್‌ರೂಮಿನ ಕೆಳಗಿನ ಸೀಲಿಂಗನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಡಬಡಬ ಅಂತ ಪೊಳ್ಳು ಸದ್ದು ಬಂದರೆ ಒಳಗೆ ಕಂಬಿ ತುಕ್ಕು ಹಿಡಿದು ಊದಿ ಕಾಂಕ್ರೀಟನ್ನು ತಳ್ಳುತ್ತಿದೆ. ಬ್ಯಾಂಕಿನ ವ್ಯಾಲ್ಯುಯರ್ (ಮನೆಗೆ ಬೆಲೆ ಕಟ್ಟುವವರು) ಇದನ್ನು ತಲೆ ಎತ್ತಿದ ಕೂಡಲೇ ಗುರುತಿಸುತ್ತಾರೆ. ಸಡಿಲವಾದದ್ದನ್ನು ಕಂಬಿಯ ಹಿಂಬದಿವರೆಗೆ ಕೆತ್ತಿ, ತುಕ್ಕು ಉಜ್ಜಿ ತೆಗೆದು, ಕಂಬಿಗೆ ತುಕ್ಕುನಿರೋಧಕ ಪ್ರೈಮರ್, ಆಮೇಲೆ ಪಾಲಿಮರ್ ಗಾರೆ. ಬರೀ ಸಿಮೆಂಟ್ ಮೆತ್ತಿದರೆ ತುಕ್ಕು ಒಳಗೊಳಗೇ ಮುಂದುವರಿಯುತ್ತೆ, ವರ್ಷದೊಳಗೆ ಹಕ್ಕಳೆಯಾಗಿ ಕಳಚುತ್ತೆ.

---

ಬಿಳಿಬ್ರಷ್:

ಬಣ್ಣದ ಲೆಕ್ಕ ನಾನು ಹೇಳುತ್ತೇನೆ. ಗೋಡೆ, ಸೀಲಿಂಗ್ ಸೇರಿ ಬಳಿಯುವ ಜಾಗ ನೆಲದ ವಿಸ್ತೀರ್ಣದ ಮೂರರಿಂದ ಮೂರೂವರೆ ಪಟ್ಟು. ಒಳಗೆ 1,000 ಚದರಡಿ ಅಂತಿಟ್ಟುಕೊಂಡರೆ 3,000ದಿಂದ 3,500 ಚದರಡಿ. ನಯವಾದ ಗೋಡೆಯಲ್ಲಿ ಎಮಲ್ಷನ್ ಲೀಟರಿಗೆ ಒಂದು ಕೋಟ್ 120-140 ಚದರಡಿ. ಎರಡು ಕೋಟಿಗೆ 50 ಲೀಟರ್ ಆಸುಪಾಸು. ಗುತ್ತಿಗೆದಾರ 100 ಲೀಟರ್ ಬರೆದಿದ್ದರೂ ಪ್ರಶ್ನೆ ಕೇಳಿ, 25 ಬರೆದಿದ್ದರೂ ಕೇಳಿ.

ಮನೆ ತುಂಬಾ ಪುಟ್ಟಿ ಬೇಡ. ಆ ಕಾಲದ ಮನೆಗಳಲ್ಲಿ ಸುಣ್ಣ ಅಥವಾ ಡಿಸ್ಟೆಂಪರ್ ಬಳಿದಿರುತ್ತಾರೆ. ಒದ್ದೆ ಬೆರಳಲ್ಲಿ ಗೋಡೆ ಉಜ್ಜಿ, ಬೆರಳಿಗೆ ಬಿಳಿ ಅಂಟಿದರೆ ಅದೇ. ಅದರ ಮೇಲೆ ಪುಟ್ಟಿ ಹಾಕಿದರೆ ಪುಟ್ಟಿ ಗೋಡೆಯನ್ನು ಹಿಡಿಯಲ್ಲ, ಸುಣ್ಣದ ಪುಡಿಯನ್ನು ಹಿಡಿಯುತ್ತೆ, ತಿಂಗಳುಗಳಲ್ಲಿ ಹಪ್ಪಳದ ಹಾಗೆ ಏಳುತ್ತೆ. ನೀರು ಚಿಮುಕಿಸಿ ಪಟ್ಟಿಯಲ್ಲಿ ಪೂರ್ತಿ ಕೆರೆಸಿ, ಒಣಗಿಸಿ, ಪ್ರೈಮರ್ ಒಂದು ಕೋಟ್. ಗುಂಡಿ ಬಿದ್ದ ಕಡೆ, ರಿಪೇರಿ ಆದ ಕಡೆ ಮಾತ್ರ ವೈಟ್ ಸಿಮೆಂಟ್ ಪುಟ್ಟಿ, 120 ನಂಬರ್ ಮರಳು ಕಾಗದ, ಮತ್ತೆ ಆ ಜಾಗಕ್ಕೆ ಪ್ರೈಮರ್. ಪುಟ್ಟಿ ಮೇಲೆ ಪ್ರೈಮರ್ ಬಿಟ್ಟರೆ ಕೊನೆಯ ಕೋಟ್ ಆದ ಮೇಲೂ ತೇಪೆ ತೇಪೆಯಾಗಿ ಕಾಣುತ್ತೆ.

ಹೊಸ ಗಾರೆ ಕನಿಷ್ಠ 28 ದಿನ ಆಗದೆ ಬಣ್ಣ ತಾಗಿಸಬೇಡಿ. ಒಣಗಿದೆಯಾ ಅಂತ ನೋಡಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಗೆ ಹನಿ ಕೂತಿದ್ದರೆ ಗೋಡೆ ಇನ್ನೂ ಒದ್ದೆ. ಮೂರು ತಿಂಗಳಲ್ಲಿ ಕೊನೆಯ ಹದಿನೈದು ದಿನ ಬಣ್ಣಕ್ಕಿಡಿ.

ಬಣ್ಣ ಯಾವುದು ಅಂತ ತಲೆಕೆಡಿಸಿಕೊಳ್ಳಬೇಡಿ. ಸೀಲಿಂಗಿಗೆ ಬಿಳಿ, ಗೋಡೆಗೆಲ್ಲ ಒಂದೇ ಕೆನೆಬಣ್ಣ. ಪ್ರತಿ ಕೋಣೆಗೆ ಒಂದೊಂದು ಬಣ್ಣ ತರಿಸಿದರೆ ಅರ್ಧರ್ಧ ಡಬ್ಬ ಉಳಿದು ದಂಡ. ಕಿಟಕಿಯ ಕಬ್ಬಿಣದ ಸರಳಿಗೆ, ಗೇಟಿಗೆ ರೆಡ್‌ಆಕ್ಸೈಡ್ ಪ್ರೈಮರ್ ಹಾಕಿ ಎನಾಮಲ್. ಗೇಟು ಕಿರುಗುಟ್ಟದೆ ತೆರೆಯಲಿ, ಬಂದವರ ಕೈ ಮೊದಲು ತಾಗುವುದು ಅದಕ್ಕೇ. ಮುಂಬಾಗಿಲು ತೇಗದ್ದಾದರೆ ಎನಾಮಲ್ ಬಳಿಯಬೇಡಿ, ಹಳೇ ವಾರ್ನಿಷ್ ತೆಗೆದು 120, 220 ಕಾಗದ ಹಿಡಿದು ಪಾಲಿಶ್ ಮಾಡಿಸಿ.

---

ಮೊಸಾಯಿಕ್ಪ್ರಿಯ:

ಮೊಸಾಯಿಕ್ ಮೇಲೆ ಟೈಲ್ಸ್ ಹಾಕಿಸಬೇಡಿ, ದಯವಿಟ್ಟು. ನೆಲ ಮುಕ್ಕಾಲು-ಒಂದು ಇಂಚು ಏರುತ್ತೆ. ಎಲ್ಲ ಬಾಗಿಲ ಬುಡ ಕೊಯ್ಯಬೇಕು, ಹೊಸ್ತಿಲು ಹೂತುಹೋಗುತ್ತೆ, ಬಾತ್‌ರೂಮಿನ ಮಟ್ಟ ಕೆಡುತ್ತೆ, ಮೆಟ್ಟಿಲಿನ ಮೊದಲ ಹೆಜ್ಜೆ ಗಿಡ್ಡ ಆಗುತ್ತೆ. ಅದರ ಕಾಲುಭಾಗದ ಖರ್ಚೂ ಇಲ್ಲದೆ ಮಷಿನ್ ಪಾಲಿಶ್ ಆಗುತ್ತೆ. ಕಾರ್ಬೋರಂಡಮ್ ಕಲ್ಲು 80, 120, 220, 400 ಹೀಗೆ ಒಂದರ ಮೇಲೊಂದು ನೀರು ಹಾಕಿ ತಿಕ್ಕಿ, ಮಧ್ಯೆ ಗುಳಿಗಳಿಗೆ ಅದೇ ಬಣ್ಣದ ಸಿಮೆಂಟ್ ಹಾಲು ತುಂಬಿ, ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿಯಲ್ಲಿ ಹೊಳಪು. 80 ಬಿಟ್ಟು ನೇರ 220ಕ್ಕೆ ಹಾರಿದರೆ ಹಳೇ ಗೀರು ಹಾಗೇ ಉಳಿದು ಅದರ ಮೇಲೇ ಹೊಳಪು ಕೂರುತ್ತೆ. ಇದನ್ನು ಬಣ್ಣಕ್ಕೆ ಮುಂಚೆ ಮಾಡಿಸಿ, ಕೆಸರು ಗೋಡೆಗೆ ಒಂದಡಿವರೆಗೆ ಸಿಡಿಯುತ್ತೆ.

ಕ್ಲೀನ್ ಮಾಡೋಕೆ ಅಂತ ಬಾತ್‌ರೂಮಿನ ಆಸಿಡ್ ಸುರಿಯಲು ಯಾರನ್ನೂ ಬಿಡಬೇಡಿ. ಮೊಸಾಯಿಕ್, ಕಡಪ ಎರಡನ್ನೂ ಅದು ಒಂದೇ ನಿಮಿಷದಲ್ಲಿ ಮಂಕು ಮಾಡುತ್ತೆ. ನಲ್ಲಿಗಳ ಮೇಲಿನ ಬಿಳಿ ಗಡಸುನೀರಿನ ಪದರಕ್ಕೆ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟರೆ ಸಾಕು.

ಮಾಡ್ಯುಲರ್ ಅಡುಗೆಮನೆ ಬಗ್ಗೆ: ಬೇಡ. ಬರುವವರು ತಮ್ಮ ರುಚಿಯದ್ದೇ ಹಾಕಿಸುತ್ತಾರೆ. ಹಳೇ ಚಿಮಣಿ ಕಿಟಕಿಯ ಜಿಡ್ಡು ತೆಗೆಸಿ, ಸಿಂಕು ಮತ್ತು ನಲ್ಲಿ ಹೊಸದು ಹಾಕಿಸಿ, ಕಪಾಟಿನ ಕೀಲು ಬದಲಿಸಿ.

---

ಮೂರುಫೇಸ್:

ಪಿಂಗಾಣಿ ಫ್ಯೂಸು ಕಂಡರೆ ಕೊಳ್ಳುವವರು ಇಡೀ ಮನೆಯ ವೈರಿಂಗ್ ಖರ್ಚನ್ನು ಬೆಲೆಯಿಂದ ಕಳೆಯುತ್ತಾರೆ. ಬೋರ್ಡ್ ಒಂದನ್ನು ಬದಲಿಸುವುದು ಒಂದು ದಿನದ ಕೆಲಸ. ಡಿಬಿ ಬಾಕ್ಸ್ (ಎಲ್ಲ ಸರ್ಕ್ಯೂಟು ಸೇರುವ ಪೆಟ್ಟಿಗೆ), ಪ್ರತಿ ಸರ್ಕ್ಯೂಟಿಗೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್), ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ಲೈಟ್ ಸರ್ಕ್ಯೂಟಿಗೆ 6 ಆಂಪಿಯರ್, ದೊಡ್ಡ ಸಾಕೆಟ್ಟಿಗೆ 16. ಎಂಸಿಬಿಯನ್ನು ವೈರಿನ ದಪ್ಪ ನೋಡಿ ಹಾಕಬೇಕು. ಪದೇ ಪದೇ ಬೀಳುತ್ತೆ ಅಂತ 1.5 ಚದರ ಮಿಲಿಮೀಟರ್ ವೈರಿಗೆ 20 ಆಂಪಿಯರಿನದು ಕೂರಿಸಿದರೆ ಎಂಸಿಬಿ ಬೀಳುವ ಬದಲು ವೈರು ಸುಡುತ್ತೆ. ಗೀಜರಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ಲೈನ್ ಇಲ್ಲದಿದ್ದರೆ ಅದೊಂದನ್ನು ಎಳೆಸಿ.

ಹಳೇ ಮನೆಗೆ ಆರ್‌ಸಿಸಿಬಿ ಹಾಕಿದ ದಿನವೇ ಬೀಳತೊಡಗುತ್ತೆ, ಎಲೆಕ್ಟ್ರಿಷಿಯನ್ "ಇದು ಕೆಟ್ಟಿದೆ" ಅಂತ ಬೈಪಾಸ್ ಮಾಡಿ ಹೋಗುತ್ತಾರೆ. ಕೆಟ್ಟಿರೋದು ಅದಲ್ಲ. ಆಗಿನ ಕಾಲದಲ್ಲಿ ಒಂದು ರೂಮಿನ ನ್ಯೂಟ್ರಲ್ಲನ್ನು ಇನ್ನೊಂದರಿಂದ ಎರವಲು ತೆಗೆದಿರುತ್ತಾರೆ, ಮೆಟ್ಟಿಲ ದೀಪದ ಎರಡು ಸ್ವಿಚ್ಚಿನ ಲೈನಿನಲ್ಲಂತೂ ಸಾಮಾನ್ಯ. ಇಲ್ಲವೇ ಯಾವುದೋ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲೂ ಅರ್ಥೂ ಸೇರಿಕೊಂಡಿರುತ್ತೆ, ಇಲ್ಲವೇ ತೇವದ ಗೋಡೆಯೊಳಗೆ ವೈರು ಸೋರುತ್ತಿರುತ್ತೆ. ನಿಮ್ಮ ಹಾಲಿನ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಅದನ್ನೇ ಮೊದಲು ಬಿಚ್ಚಿಸಿ ನೋಡಿ. ಒಂದೊಂದೇ ಎಂಸಿಬಿ ಇಳಿಸಿ, ಅದರ ನ್ಯೂಟ್ರಲ್ ಕೂಡ ಬಿಡಿಸಿ ಹುಡುಕಿದರೆ ಎರಡು ಗಂಟೆಯೊಳಗೆ ಸಿಗುತ್ತೆ.

ಅರ್ಥಿಂಗ್: ಮೀಟರಿನಲ್ಲಿ ಫೇಸ್-ಅರ್ಥ್ ನಡುವೆ ಫೇಸ್-ನ್ಯೂಟ್ರಲ್ ನಡುವಿನಷ್ಟೇ ವೋಲ್ಟ್ ತೋರಿಸಬೇಕು. ಬಹಳ ಕಮ್ಮಿ ಇದ್ದರೆ ಗುಂಡಿ ಒಣಗಿದೆ ಅಥವಾ ತಂತಿ ತುಕ್ಕು ತಿಂದಿದೆ. ಮೊದಲು ನಾಲ್ಕು ಕೊಡ ನೀರು ಹಾಕಿ ಮತ್ತೆ ಅಳೆಯಿರಿ, ಅದಕ್ಕೂ ಬಗ್ಗದಿದ್ದರೆ ಹೊಸ ಗುಂಡಿ.

ಸೆಸ್ಕ್ (ಇಲ್ಲಿನ ವಿದ್ಯುತ್ ನಿಗಮ) ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ನೋಡಿಟ್ಟುಕೊಳ್ಳಿ, ಕೇಳಿದ ಕೂಡಲೇ ಹೇಳುವಂತಿರಲಿ.

ನೀರಿನ ಕಡೆ ಎರಡು ಮಾತು. ಮುಚ್ಚಿಟ್ಟ ಮನೆಯಲ್ಲಿ ಚರಂಡಿ ವಾಸನೆ ಬರುತ್ತಿದ್ದರೆ ಪೈಪು ಒಡೆದಿದೆ ಅಂದುಕೊಳ್ಳಬೇಡಿ. ಟ್ರ್ಯಾಪಿನಲ್ಲಿ ನಿಂತಿರಬೇಕಾದ ಎರಡು ಇಂಚು ನೀರು ಆವಿಯಾಗಿದೆ. ಪ್ರತಿ ಟ್ರ್ಯಾಪಿಗೆ ಎರಡು ಚೊಂಬು ನೀರು, ಮೇಲೆ ಒಂದು ಚಮಚ ಅಡುಗೆ ಎಣ್ಣೆ, ಎಣ್ಣೆಯ ಪದರ ನೀರು ಆರದಂತೆ ತಡೆಯುತ್ತೆ. ಫ್ಲಶ್ ಟ್ಯಾಂಕ್ ಸೋರುತ್ತಾ ನೋಡಲು ಅದಕ್ಕೆ ಒಂದು ಚಿಟಿಕೆ ಕೇಸರಿಬಾತಿನ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ, ಕೆಳಗೆ ಬಣ್ಣ ಇಳಿದಿದ್ದರೆ ವಾಷರ್ ಬದಲಿಸಿ. ಸಂಪ್ ಖಾಲಿ ಮಾಡಿಸಿ ತೊಳೆಸಿ, ತುಂಬಿಸಿ, ಗೋಡೆಗೆ ಚಾಕ್‌ಪೀಸ್ ಗೆರೆ ಎಳೆದು ಮೋಟಾರ್ ಹಾಕದೆ ಒಂದು ರಾತ್ರಿ ಬಿಡಿ. ಗೆರೆಯಿಂದ ನೀರು ಇಳಿದಿದ್ದರೆ ಸಂಪ್ ಸೋರುತ್ತಿದೆ.

---

ಹಳೇಪತ್ರ:

ಎಲ್ಲರೂ ಗೋಡೆ ನೋಡುತ್ತಿದ್ದೀರಿ, ನನಗೆ ಕಾಣುತ್ತಿರೋದು ಕೊನೆಯ ಸಾಲು. ಮನೆ ತೀರಿಕೊಂಡವರ ಹೆಸರಲ್ಲಿದೆ, ವಾರಸುದಾರರೊಬ್ಬರು ವಿದೇಶದಲ್ಲಿದ್ದಾರೆ. ಮೂರು ತಿಂಗಳಲ್ಲಿ ಗಾರೆ ಒಣಗಬಹುದು, ಪತ್ರ ಆಗದೆ ಉಳಿಯಬಹುದು. ಅಕ್ಕ, ಮೇಸ್ತ್ರಿಯನ್ನು ಕರೆಯುವ ದಿನವೇ ಇದನ್ನೂ ಶುರುಮಾಡಿ.

ಸೈಟು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ್ದಾ? ಹಾಗಿದ್ದರೆ ಮೊದಲು ಕೊಡುತ್ತಿದ್ದದ್ದು ಗುತ್ತಿಗೆ-ಕಮ್-ಮಾರಾಟದ ಕರಾರು. ಅವಧಿ ಮುಗಿದ ಮೇಲೆ ಪ್ರಾಧಿಕಾರದಿಂದ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಮನೆ ಕಟ್ಟಿ ಕಂದಾಯ ಕಟ್ಟುತ್ತಾ ಬಂದು ಇದೊಂದನ್ನು ಮರೆತವರು ಬಹಳ. ಬೀರುವಿನಲ್ಲಿರೋದು ಯಾವುದು ಅಂತ ಇವತ್ತೇ ನೋಡಿ. ಕರಾರು ಮಾತ್ರ ಇದ್ದರೆ ಅಲ್ಲಿಂದಲೇ ಕೆಲಸ ಶುರು.

ಆಮೇಲೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಇವೆರಡರ ಆಧಾರದ ಮೇಲೆ ಪಾಲಿಕೆಯಲ್ಲಿ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮತ್ತು ಇ-ಖಾತೆ. ಇ-ಖಾತೆ ಇಲ್ಲದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾರಾಟ ನೋಂದಣಿಯೇ ಆಗಲ್ಲ. ಅದಕ್ಕೆ ಮಾಲೀಕರ ಆಧಾರ್, ಕ್ರಯಪತ್ರ, ಈ ವರ್ಷದ ಕಂದಾಯದ ರಸೀದಿ, ವಿದ್ಯುತ್ ಬಿಲ್, ಮನೆಯ ಫೋಟೋ, ಇಸಿ (ಋಣಭಾರ ಪ್ರಮಾಣಪತ್ರ) ಸಿದ್ಧವಿರಲಿ. ಪತ್ರ, ಖಾತೆ, ಆಧಾರ್, ಪ್ಯಾನ್ ನಾಲ್ಕರಲ್ಲೂ ಹೆಸರಿನ ಇನಿಷಿಯಲ್ ಒಂದೇ ತರ ಇದೆಯಾ ನೋಡಿ, ಅರ್ಜಿ ನಿಲ್ಲುವುದು ಹೆಚ್ಚಾಗಿ ಇಂಥದ್ದಕ್ಕೇ. ಅಳತೆ, ಚೆಕ್ಕುಬಂದಿ ಕೂಡ ಪತ್ರಕ್ಕೆ ಹೊಂದಬೇಕು. ಇಸಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತೆ, ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಅರ್ಜಿ. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ.

ತಮ್ಮನ ವಿಷಯದಲ್ಲಿ ಎರಡು ದಾರಿ. ಒಂದು, ಅವರು ಅಮ್ಮನಿಗೋ ನಿಮಗೋ ಹಕ್ಕುಬಿಡುಗಡೆ ಪತ್ರ ನೋಂದಣಿ ಮಾಡಿಕೊಡುವುದು. ಆಗ ಅವರ ಪಾಲಿನ ದುಡ್ಡಿನ ಹಕ್ಕೂ ಕಾಗದದಲ್ಲಿ ಬಿಟ್ಟಂತೆ, ಮನಸ್ಸಿಟ್ಟು ಮಾತಾಡಿ ಮಾಡಿ. ಇನ್ನೊಂದು, ಅಲ್ಲಿಂದ ಮಾರಾಟಕ್ಕೆ ವಿಶೇಷ ಅಧಿಕಾರಪತ್ರ ಕಳಿಸುವುದು. ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿರಬೇಕು ಅಥವಾ ಅಪೋಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ) ಆಗಿರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅವಧಿ ಮೀರಿದರೆ ತೊಡಕು, ಹಾಗಾಗಿ ತೀರಾ ಮುಂಚಿತವಾಗಿಯೂ ತರಿಸಿಟ್ಟುಕೊಳ್ಳಬೇಡಿ.

ತೆರಿಗೆ: ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನಿಮ್ಮ ಮತ್ತು ಅಮ್ಮನ ಪಾಲಿಗೆ ಶೇ 1 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಆಧಾರ್ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಅದು ಶೇ 20 ಆಗುತ್ತೆ, ಅಮ್ಮನದು ಇವತ್ತೇ ಪರಿಶೀಲಿಸಿ. ತಮ್ಮ ಅನಿವಾಸಿ, ಅವರ ಪಾಲಿಗೆ ಈ 50 ಲಕ್ಷದ ಮಿತಿ ಇಲ್ಲ, ಶೇ 12.5ರ ಜೊತೆ ಸರ್ಚಾರ್ಜ್, ಸೆಸ್ ಸೇರಿ ಹಿಡಿಯುತ್ತಾರೆ. ಕಮ್ಮಿ ಮಾಡಿಸಲು ಆದಾಯ ತೆರಿಗೆ ಇಲಾಖೆಗೆ ಮೊದಲೇ ಅರ್ಜಿ ಹಾಕಬೇಕು. ಲಾಭದ ತೆರಿಗೆಗೆ ನೀವು ಮತ್ತು ಅಮ್ಮ ಎರಡು ತರದಲ್ಲಿ ಲೆಕ್ಕ ಹಾಕಿ ಯಾವುದು ಕಮ್ಮಿಯೋ ಅದನ್ನು ಹಿಡಿಯಬಹುದು: ಸೂಚ್ಯಂಕವಿಲ್ಲದೆ (ಹಣದುಬ್ಬರಕ್ಕೆ ತಕ್ಕಂತೆ ಮೂಲಬೆಲೆ ಏರಿಸದೆ) ಶೇ 12.5, ಅಥವಾ ಸೂಚ್ಯಂಕದೊಂದಿಗೆ ಶೇ 20. ಮನೆ 2001ಕ್ಕಿಂತ ಹಳೆಯದಾದ್ದರಿಂದ 1.4.2001ರ ಬೆಲೆಯನ್ನೇ ಮೂಲಬೆಲೆಯಾಗಿ ಹಿಡಿಯಬಹುದು, ಅದಕ್ಕೆ ನೋಂದಾಯಿತ ವ್ಯಾಲ್ಯುಯರಿಂದ ವರದಿ ತೆಗೆಸಿ. ಈಗ ಮಾಡಿಸುವ ಬಣ್ಣ, ಸಣ್ಣಪುಟ್ಟ ರಿಪೇರಿ ಇದರಲ್ಲಿ ಕಳೆಯಲು ಬರಲ್ಲ. ಹೊಸ ಪೈಪ್‌ಲೈನ್, ವೈರಿಂಗಿನಂತಹ ಸುಧಾರಣೆಯ ಬಿಲ್ಲುಗಳನ್ನು ಬೇರೆ ಕವರಿನಲ್ಲಿಟ್ಟು ಲೆಕ್ಕಪರಿಶೋಧಕರಿಗೆ ತೋರಿಸಿ.

ಮುಂಗಡವನ್ನು 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದಾಗಿ ತಗೋಬೇಡಿ. ತೆಗೆದುಕೊಂಡಷ್ಟೇ ದಂಡ ಬೀಳುತ್ತೆ.

ತೇವದ ವಿಷಯಕ್ಕೆ ಕಾನೂನೂ ಇದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಗೊತ್ತಾಗದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನೇ ಹೇಳಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತೆ.

---

ಕೆಂಪುದಾಸವಾಳ:

ಬೀರು ತೆಗೆದು ನೋಡಿದೆ, ಶುದ್ಧ ಕ್ರಯಪತ್ರ ಇದೆ, 2003ರದ್ದು. ನಿಟ್ಟುಸಿರು ಬಿಟ್ಟೆ. ಆದರೆ ಮೇಲಿನ ರೂಮು ಮಂಜೂರಾದ ನಕ್ಷೆಯಲ್ಲಿಲ್ಲ. ಮತ್ತೆ ಒಬ್ಬ ಬ್ರೋಕರ್, "ಕೊಳ್ಳುವವರು ಹೇಗೂ ಒಡೆದು ಕಟ್ಟುತ್ತಾರೆ, ಏನೂ ಮಾಡಿಸಬೇಡಿ" ಅಂತಾರೆ. ಹೌದಾ?

---

ಗಾರೆ_ಕರಣೆ:

ಅದು ಖಂಡಿತ ಯೋಚಿಸಬೇಕಾದ ಮಾತು. ನಿಮ್ಮ ಬೀದಿಯಲ್ಲಿ ಒಮ್ಮೆ ನಡೆದು ಬನ್ನಿ. ತೊಂಬತ್ತರ ದಶಕದ ಮನೆಗಳಲ್ಲಿ ಎಷ್ಟು ಒಡೆದು ಮೂರು ಮಹಡಿ ಆಗಿವೆ, ಎಷ್ಟು ಹಾಗೇ ಇವೆ? ಅರ್ಧಕ್ಕಿಂತ ಹೆಚ್ಚು ಒಡೆದಿದ್ದರೆ ನಿಮ್ಮ ಗಿರಾಕಿ ಸೈಟು ಕೊಳ್ಳುತ್ತಾನೆ, ಬಣ್ಣ, ಪಾಲಿಶ್ ಎಲ್ಲ ದಂಡ. ಆಗ ಪತ್ರ ಸರಿಮಾಡಿ, ಮನೆ ಖಾಲಿಮಾಡಿ ಗುಡಿಸಿ ತೋರಿಸಿದರೆ ಸಾಕು. ಹಾಗೇ ಇದ್ದರೆ ವಾಸಕ್ಕೆ ಕೊಳ್ಳುವವರು ಬರುತ್ತಾರೆ, ಅವರಲ್ಲಿ ಹೆಚ್ಚಿನವರು ಸಾಲ ತೆಗೆಯುವವರು. ಎರಡು ಮೂರು ಬ್ರೋಕರ್‌ಗಳನ್ನು ಬೇರೆ ಬೇರೆಯಾಗಿ ಕರೆದು, ಈಗಿರುವಂತೆ ಎಷ್ಟು, ತೇವ ಮತ್ತು ಕರೆಂಟು ಸರಿಮಾಡಿದರೆ ಎಷ್ಟು ಅಂತ ಎರಡೂ ಅಂಕಿ ಕೇಳಿ. ವ್ಯತ್ಯಾಸ ರಿಪೇರಿ ಖರ್ಚಿನ ಎರಡರಷ್ಟೂ ಇಲ್ಲದಿದ್ದರೆ ನಾನಾದರೆ ಕೈ ಹಾಕಲ್ಲ.

ನಾಲ್ಕು ಲಕ್ಷದೊಳಗೆ ನನ್ನ ಅನುಕ್ರಮ: ಪಾತಿ ತೆಗೆದು ಗಾರೆ ಕೀಳುವುದು, ಪೈಪು, ತಾರಸಿ, ಸಜ್ಜ, ಡಿಬಿ ಬೋರ್ಡು, ಮೊಸಾಯಿಕ್ ಪಾಲಿಶ್, ಕೊನೆಗೆ ಬಣ್ಣ. ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಹಳೇ ಮನೆಯಲ್ಲಿ ಒಂದೇ ಕೋಣೆಗೆ ಹೊಸ ಸೀಲಿಂಗ್ ಕಂಡರೆ ವ್ಯಾಲ್ಯುಯರ್ ಮೇಲೆ ಏನಿದೆ ಅಂತ ಟಾರ್ಚ್ ಹಿಡಿಯುತ್ತಾರೆ.

---

ಹಳೇಪತ್ರ:

ಮೇಲಿನ ರೂಮಿನ ಬಗ್ಗೆ: ಬ್ಯಾಂಕಿನವರು ನಕ್ಷೆ ಹಿಡಿದು ಅಳೆಯುತ್ತಾರೆ, ಹೆಚ್ಚುವರಿ ಭಾಗಕ್ಕೆ ಬೆಲೆ ಕಟ್ಟದೆ ಬಿಡಬಹುದು, ಸಾಲ ಅಷ್ಟು ಕಮ್ಮಿಯಾಗುತ್ತೆ. ಮೊದಲ ಮಾತುಕತೆಯಲ್ಲೇ ಹೇಳಿಬಿಡಿ. ಕರಾರು ಆದ ಮೇಲೆ ಬ್ಯಾಂಕಿನಿಂದ ಗೊತ್ತಾದರೆ ಮುಂಗಡ ವಾಪಸ್ ಕೇಳುತ್ತಾರೆ, ಆಗ ಬೆಲೆ ಅವರ ಕೈಯಲ್ಲಿರುತ್ತೆ. ಮಾರುವ ನೆಪದಲ್ಲಿ ತಾರಸಿ ಮೇಲೆ ಇನ್ನೊಂದು ಇಟ್ಟಿಗೆಯನ್ನೂ ಇಡಿಸಬೇಡಿ.

---

ಬಿಳಿಬ್ರಷ್:

ತೋರಿಸುವ ದಿನಕ್ಕೆ: ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಕರೆಯಿರಿ, ಒಂದು ಗಂಟೆ ಮುಂಚೆ ಕಿಟಕಿ ಎಲ್ಲ ತೆಗೆದಿಡಿ. ಅಟ್ಟ ಖಾಲಿಯಿರಲಿ, ಅಟ್ಟ ತುಂಬಿದ್ದರೆ ಮನೆಯಲ್ಲಿ ಜಾಗ ಸಾಲದು ಅನ್ನಿಸುತ್ತೆ. ಫೋಟೋ ತೆಗೆಯುವಾಗ ಮೊಬೈಲನ್ನು ಅಡ್ಡ ಹಿಡಿದು, ಎದೆಮಟ್ಟದಲ್ಲಿ, ಕೋಣೆಯ ಮೂಲೆಯಿಂದ. ತಾರಸಿ ರಿಪೇರಿ ಮಾಡುವಾಗಿನ ಫೋಟೋಗಳು, ಲೇಪದ ಬಕೆಟ್‌ಗಳ ಬಿಲ್ಲು, ಪೈಪ್ ಎಳೆದ ಗೋಡೆಯ ಫೋಟೋಗೆ ಟೇಪ್ ಹಿಡಿದು ಅಳತೆ, ಇವನ್ನೆಲ್ಲ ಒಂದು ಫೈಲಿನಲ್ಲಿ ಹಾಲಿನ ಮೇಜಿನ ಮೇಲಿಡಿ. ಯುಗಾದಿಗೆ ಶುರುಮಾಡಿದರೆ ಆಷಾಢ ಬರುವುದರೊಳಗೆ ಕರಾರು ಆಗುವಂತೆ ನೋಡಿಕೊಳ್ಳಿ, ಆ ತಿಂಗಳು ಮುಂಗಡ ಕೊಡಲು ಯಾರೂ ಮುಂದೆ ಬರಲ್ಲ.